ಒಂದು ಜೀಪ್ ಹತ್ತಿದರೆ ಬೆಟ್ಟಕ್ಕೆ ಏನಾಗುತ್ತೆ? ಆಫ್‌ರೋಡಿಂಗ್ ಬಗ್ಗೆ ಓಡಾಡುವ ಆರು ಮಾತುಗಳು ಮತ್ತು ವಾಸ್ತವ

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಅರ್ಧ ನಿಮಿಷದ ಒಂದು ವಿಡಿಯೊ ಬಂತು. ಹಸಿರು ಬೆಟ್ಟ, ಮಂಜು, ಜಿಟಿಜಿಟಿ ಮಳೆ. ಒಂದರ ಹಿಂದೆ ಒಂದು ಆರು ಜೀಪುಗಳು ಕೆಸರು ಹಾರಿಸುತ್ತಾ ಹುಲ್ಲಿನ ಇಳಿಜಾರನ್ನು ಹತ್ತುತ್ತಿವೆ. ಹಿನ್ನೆಲೆಗೆ ಸಿನಿಮಾ ಹಾಡು. ಯಾವ ಊರು, ಯಾವ ವರ್ಷ, ಯಾರು ತೆಗೆದದ್ದು, ಒಂದೂ ಗೊತ್ತಿಲ್ಲ. ‘ನಮ್ಮ ಮಲೆನಾಡು ಸ್ವರ್ಗ, ಎಲ್ಲರಿಗೂ ಶೇರ್ ಮಾಡಿ’ ಎಂಬ ಒಂದು ಸಾಲು ಮಾತ್ರ ಇತ್ತು.

ಐದೇ ನಿಮಿಷಕ್ಕೆ ಗುಂಪಿನಲ್ಲಿ ಜಗಳ ಶುರುವಾಯಿತು. ಚಿಕ್ಕಪ್ಪ, ‘ಬೆಟ್ಟ ಹಾಳು ಮಾಡೋ ಇವರನ್ನೆಲ್ಲ ನಿಷೇಧ ಮಾಡಬೇಕು’ ಎಂದು ಬರೆದರು. ಹೊಸದಾಗಿ ಫೋರ್ ವೀಲ್ ಡ್ರೈವ್ ಗಾಡಿ ತೆಗೆದುಕೊಂಡಿದ್ದ ತಮ್ಮ, ‘ಬಿಡಿ ಚಿಕ್ಕಪ್ಪ, ಒಂದೆರಡು ಗಾಡಿ ಹೋದ್ರೆ ಬೆಟ್ಟಕ್ಕೇನಾಗುತ್ತೆ? ಹುಲ್ಲು ತಾನೇ, ಮಳೆ ಬಂದ್ರೆ ಮತ್ತೆ ಚಿಗುರುತ್ತೆ’ ಎಂದ. ಅಲ್ಲಿಂದ ಮುಂದೆ ಇಬ್ಬರ ಕಡೆಯವರೂ ತಮ್ಮ ತಮ್ಮ ಫಾರ್ವರ್ಡ್‌ಗಳನ್ನು ಸುರಿಯತೊಡಗಿದರು.

ಇಬ್ಬರ ಮಾತಲ್ಲೂ ಸ್ವಲ್ಪ ಸತ್ಯ ಇದೆ, ಸ್ವಲ್ಪ ತಪ್ಪು ಇದೆ. ಆಫ್‌ರೋಡಿಂಗ್ ಪರವಾಗಿಯೂ ವಿರುದ್ಧವಾಗಿಯೂ ನಮ್ಮ ಫೋನುಗಳಲ್ಲಿ ಓಡಾಡುವ ಆರು ಮಾತುಗಳನ್ನು ಇಲ್ಲಿ ಒಂದೊಂದಾಗಿ ನೋಡೋಣ.

ಮೊದಲು, ಹೆಸರಿನಲ್ಲೇ ಇರುವ ಗೊಂದಲ

‘ಆಫ್‌ರೋಡ್’ ಎಂದರೆ ರಸ್ತೆ ಬಿಟ್ಟು ಎಲ್ಲಿ ಬೇಕಾದರೂ ಗಾಡಿ ಓಡಿಸುವುದು ಎಂದು ತುಂಬಾ ಜನ ತಿಳಿದಿದ್ದಾರೆ. ಈ ಹವ್ಯಾಸವನ್ನು ಗಂಭೀರವಾಗಿ ತೆಗೆದುಕೊಂಡವರ ಲೆಕ್ಕದಲ್ಲಿ ಅದರ ಅರ್ಥ ಬೇರೆ. ಟಾರ್ ಇಲ್ಲದ ಮಣ್ಣು, ಕಲ್ಲು, ಮರಳಿನ ದಾರಿಯಲ್ಲಿ ಓಡಿಸುವುದು ಆಫ್‌ರೋಡಿಂಗ್. ಅಂದರೆ ಬಿಡುವುದು ಟಾರನ್ನು, ದಾರಿಯನ್ನಲ್ಲ. ಎತ್ತಿನ ಗಾಡಿಯ ಹಳೆಯ ಜಾಡು, ಎಸ್ಟೇಟಿನ ಕಚ್ಚಾ ರಸ್ತೆ, ಬೆಟ್ಟದ ಮೇಲಿನ ದೇವಸ್ಥಾನಕ್ಕೆ ಹೋಗುವ ಜೀಪ್ ದಾರಿ ಇವೆಲ್ಲ ಆಫ್‌ರೋಡ್ ದಾರಿಗಳೇ. ಅದರ ಪಕ್ಕದ ಹುಲ್ಲುಗಾವಲು ಆಫ್‌ರೋಡ್ ದಾರಿ ಅಲ್ಲ, ಅದು ಬರೀ ಹುಲ್ಲುಗಾವಲು.

ಎರಡು ವರ್ಷದ ಹಿಂದೆ ಮಲೆನಾಡಿನ ಒಂದು ಬೆಟ್ಟಕ್ಕೆ ಬಾಡಿಗೆ ಜೀಪಿನಲ್ಲಿ ಹೋಗಿದ್ದೆ. ನಮ್ಮ ಜೊತೆ ಇದ್ದ ಒಬ್ಬರು, ‘ಅಣ್ಣಾ, ಆ ಹುಲ್ಲಿನ ಮೇಲೆ ಸ್ವಲ್ಪ ಹತ್ತಿಸಿ, ವಿಡಿಯೊ ಮಾಡ್ಕೊತೀವಿ’ ಎಂದರು. ಚಾಲಕರು ಗಾಡಿ ನಿಲ್ಲಿಸಲೂ ಇಲ್ಲ. ‘ಅದು ದಾರಿ ಅಲ್ಲ ಸಾರ್, ದಾರಿ ಇದು. ಅಲ್ಲಿ ಹತ್ತಿಸಿದ್ದು ಯಾರಾದ್ರೂ ನೋಡಿದ್ರೆ ಇದನ್ನೂ ಮುಚ್ತಾರೆ. ಆಮೇಲೆ ನೀವು ಬೆಂಗಳೂರಿಗೆ ಹೋಗ್ತೀರಿ, ನಾವೇನ್ ಮಾಡೋದು?’ ಎಂದರು. ಈ ಲೇಖನದಲ್ಲಿ ಮುಂದೆ ಬರುವುದೆಲ್ಲ ಅವರ ಆ ಮಾತಿನ ವಿವರಣೆ ಎಂದರೂ ತಪ್ಪಿಲ್ಲ.

ಮಾತು 1: ‘ಬರೀ ಹುಲ್ಲು ತಾನೇ, ಮತ್ತೆ ಚಿಗುರುತ್ತೆ’

ಅರ್ಧ ನಿಜ. ಹುಲ್ಲು ಚಿಗುರಬಹುದು. ಆದರೆ ತೊಂದರೆ ಇರುವುದು ಹುಲ್ಲಿನಲ್ಲಿ ಅಲ್ಲ, ಅದರ ಕೆಳಗಿನ ಮಣ್ಣಿನಲ್ಲಿ.

ಆರೋಗ್ಯವಾಗಿರುವ ಮಣ್ಣು ಗಟ್ಟಿ ಇಟ್ಟಿಗೆಯಂತೆ ಇರುವುದಿಲ್ಲ. ಅದರೊಳಗೆ ತುಂಬಾ ಖಾಲಿ ಜಾಗ ಇರುತ್ತದೆ. ಎರೆಹುಳು ಕೊರೆದ ಬಿಲ, ಸತ್ತ ಬೇರು ಬಿಟ್ಟುಹೋದ ತೂತು, ಮಣ್ಣಿನ ಕಣಗಳ ನಡುವಿನ ಸಂದು. ಮಳೆನೀರು ಇಳಿಯುವುದು ಈ ಸಂದುಗಳಿಂದ, ಬೇರು ಉಸಿರಾಡುವುದೂ ಇವುಗಳಿಂದಲೇ. ಸುಮಾರು ಎರಡು ಟನ್ ತೂಕದ ಗಾಡಿ ಮೇಲೆ ಹೋದಾಗ ಈ ಸಂದುಗಳು ಮುಚ್ಚಿಕೊಳ್ಳುತ್ತವೆ.

ಎಷ್ಟು ಒತ್ತಡ ಬೀಳುತ್ತದೆ? ಅದಕ್ಕೊಂದು ಸುಲಭ ಲೆಕ್ಕ ಇದೆ. ಚಕ್ರ ನೆಲದ ಮೇಲೆ ಹಾಕುವ ಒತ್ತಡ ಹೆಚ್ಚುಕಡಿಮೆ ಅದರೊಳಗಿನ ಗಾಳಿಯ ಒತ್ತಡದಷ್ಟೇ ಇರುತ್ತದೆ. ಪೆಟ್ರೋಲ್ ಬಂಕಿನಲ್ಲಿ ನೀವು 30 ಪಿಎಸ್‌ಐ ಗಾಳಿ ತುಂಬಿಸಿದ್ದರೆ ನೆಲದ ಮೇಲೂ ಸುಮಾರು ಅಷ್ಟೇ. ಸುಮ್ಮನೆ ನಿಂತ ಮನುಷ್ಯನ ಪಾದದಡಿ ಇರುವುದು ಸುಮಾರು 8 ಪಿಎಸ್‌ಐ.

‘ಹಾಗಾದ್ರೆ ದನ, ಎಮ್ಮೆ ಓಡಾಡಲ್ವಾ?’ ಎಂದು ಕೇಳಬಹುದು. ಸರಿಯಾದ ಪ್ರಶ್ನೆ. ದನದ ಗೊರಸಿನ ಒತ್ತಡವೂ ಕಡಿಮೆಯೇನಲ್ಲ. ವ್ಯತ್ಯಾಸ ಇರುವುದು ಗುರುತಿನ ಆಕಾರದಲ್ಲಿ. ಗೊರಸು ಅಲ್ಲೊಂದು ಇಲ್ಲೊಂದು ಗುಂಡಿ ಮಾಡುತ್ತದೆ, ಮಳೆ ಬಂದರೆ ಆ ಗುಂಡಿಯಲ್ಲಿ ನೀರು ನಿಲ್ಲುತ್ತದೆ. ಚಕ್ರ ಹಾಗಲ್ಲ, ಇಳಿಜಾರಿನ ಉದ್ದಕ್ಕೂ ಒಂದೇ ಗೆರೆ ಎಳೆಯುತ್ತದೆ. ನೀರಿಗೆ ಅದೇ ಕಾಲುವೆ. ಮೊದಲು ಇಡೀ ಬೆಟ್ಟದ ಮೇಲೆ ಹರಡಿಕೊಂಡು ನಿಧಾನ ಇಂಗುತ್ತಿದ್ದ ನೀರು ಆ ಗೆರೆಯಲ್ಲಿ ಸೇರಿ ವೇಗವಾಗಿ ಇಳಿಯುತ್ತದೆ, ಇಳಿಯುವಾಗ ಮಣ್ಣನ್ನೂ ಕೊಚ್ಚಿಕೊಂಡು ಹೋಗುತ್ತದೆ. ಜಾಡು ಆಳವಾಗುತ್ತದೆ, ಒಂದೆರಡು ಮಳೆಗಾಲ ಕಳೆದರೆ ಕೊರಕಲು ಆಗುತ್ತದೆ. ಎಷ್ಟೋ ಬೆಟ್ಟದ ಕೊರಕಲಿಗೆ ಮೊದಲ ಗೆರೆ ಎಳೆದವನು ಯಾರು ಎಂದು ಹುಡುಕಿದರೆ ಸಿಗುವುದು ಒಂದು ಹಳೆಯ ಚಕ್ರದ ಗುರುತು.

ಪಶ್ಚಿಮ ಘಟ್ಟದ ಮೇಲ್ಭಾಗದಲ್ಲಿ ಇದು ಇನ್ನೂ ಮುಖ್ಯ. ಅಲ್ಲಿನ ಬೋಳು ಹುಲ್ಲುಬೆಟ್ಟ ಕಾಡು ಕಡಿದು ಉಳಿದ ಪಾಳು ಜಾಗವಲ್ಲ. ಕಣಿವೆಯ ಮಡಿಕೆಗಳಲ್ಲಿ ಶೋಲಾ ಕಾಡು, ಅದರ ಮೇಲೆ ಹುಲ್ಲು, ಇದು ಅಲ್ಲಿನ ಸಹಜ ರೂಪ. ಹುಲ್ಲಿನ ಬೇರಿನ ಹೆಣಿಗೆ ಇಳಿಜಾರಿನ ತೆಳು ಮಣ್ಣನ್ನು ಹಿಡಿದಿಟ್ಟು, ಮಳೆನೀರನ್ನು ಸ್ವಲ್ಪ ಸ್ವಲ್ಪವಾಗಿ ಕೆಳಗೆ ಬಿಡುತ್ತದೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವುದು ಕುದುರೆಮುಖದ ಸೀಮೆಯ ಇಂಥ ಬೆಟ್ಟಗಳಲ್ಲೇ. ನಾವು ‘ಖಾಲಿ ಜಾಗ’ ಅಂದುಕೊಂಡದ್ದು ನಿಜವಾಗಿ ಕೆಳಗಿನ ಊರುಗಳ ನೀರಿನ ಟ್ಯಾಂಕ್.

ಮಾತು 2: ‘ಒಂದೇ ಒಂದು ಗಾಡಿ ಹೋದ್ರೆ ಏನೂ ಆಗಲ್ಲ’

ಇದು ತಪ್ಪು, ಮತ್ತು ಇಲ್ಲಿರುವ ವಿಜ್ಞಾನ ನಮ್ಮ ಅಂದಾಜಿಗೆ ತಿರುಗುಮುರುಗು ಇದೆ. ಹತ್ತು ಗಾಡಿ ಹೋದರೆ ಒಂದರ ಹತ್ತು ಪಟ್ಟು ಹಾನಿ ಎಂದು ನಾವು ಲೆಕ್ಕ ಹಾಕುತ್ತೇವೆ. ಮಣ್ಣು ಹಾಗೆ ನಡೆದುಕೊಳ್ಳುವುದಿಲ್ಲ. ಮೆದು ನೆಲ ಅದುಮಿಕೊಳ್ಳುವುದರಲ್ಲಿ ದೊಡ್ಡ ಪಾಲು ಮೊದಲ ಕೆಲವು ಸುತ್ತಿನಲ್ಲೇ ಮುಗಿದಿರುತ್ತದೆ. ಆಮೇಲೆ ಹೋಗುವ ಗಾಡಿಗಳು ಆಗಲೇ ಗಟ್ಟಿಯಾದ ನೆಲದ ಮೇಲೆ ಹೋಗುತ್ತವೆ, ಅವು ಸೇರಿಸುವ ಹಾನಿ ಕಡಿಮೆ.

ಇದರಿಂದ ಎರಡು ಪಾಠ ಸಿಗುತ್ತವೆ. ಹೊಸ ನೆಲದ ಮೇಲೆ ‘ಒಂದೇ ಸಲ’ ಎಂಬುದು ಚಿಕ್ಕ ಮಾತಲ್ಲ, ಆ ಒಂದು ಸಲವೇ ದೊಡ್ಡ ಪೆಟ್ಟು. ಇನ್ನೊಂದು ಪಾಠ ನಿಷೇಧ ಕೇಳುವವರಿಗೆ. ಹತ್ತಾರು ವರ್ಷದಿಂದ ಬಳಕೆಯಲ್ಲಿರುವ ಜಾಡಿನಲ್ಲೇ, ಒಣ ನೆಲದಲ್ಲಿ, ನಿಧಾನ ಹೋಗುವ ಗಾಡಿಯಿಂದ ಬೆಟ್ಟಕ್ಕೆ ಆಗುವ ಹೊಸ ಹಾನಿ ಸಾಕಷ್ಟು ಕಡಿಮೆ. ಎಲ್ಲ ಜೀಪನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

ಗುರುತು ಎಷ್ಟು ದಿನ ಉಳಿಯುತ್ತದೆ? ಅದು ನೆಲದ ಮೇಲೆ ನಿಂತಿದೆ. ಒಂದು ಕಣ್ಣು ತೆರೆಸುವ ಉದಾಹರಣೆ ಅಮೆರಿಕದ ಮರುಭೂಮಿಯಲ್ಲಿದೆ. ಎರಡನೇ ಮಹಾಯುದ್ಧದ ಸಮಯದಲ್ಲಿ, 1942ರಿಂದ 1944ರವರೆಗೆ, ಕ್ಯಾಲಿಫೋರ್ನಿಯಾ ಮತ್ತು ಅರಿಜೋನಾದ ಮರುಭೂಮಿಯಲ್ಲಿ ಸೈನಿಕರಿಗೆ ಟ್ಯಾಂಕ್ ತರಬೇತಿ ಕೊಡಲಾಗಿತ್ತು. ಜನರಲ್ ಪ್ಯಾಟನ್ ಶುರುಮಾಡಿದ ಶಿಬಿರ ಅದು. ಆ ಟ್ಯಾಂಕುಗಳ ಜಾಡು ಈಗಲೂ ಅಲ್ಲಲ್ಲಿ ಕಾಣುತ್ತದೆ. ಅಮೆರಿಕದ ಯೂಟಾ ರಾಜ್ಯದ ಒಣ ಸೀಮೆಯಲ್ಲಿ ಮಣ್ಣಿನ ಮೇಲೆ ಕಪ್ಪನೆಯ ಜೀವಂತ ಪೊರೆಯೊಂದು ಬೆಳೆದಿರುತ್ತದೆ. ಸಯನೋಬ್ಯಾಕ್ಟೀರಿಯಾ, ಕಲ್ಲುಹೂವು, ಪಾಚಿ ಸೇರಿ ಹೆಣೆದ ಈ ಪೊರೆ ಮರಳು ಹಾರದಂತೆ ಹಿಡಿದಿರುತ್ತದೆ. ಚಕ್ರದಡಿ ಒಂದು ಕ್ಷಣದಲ್ಲಿ ಪುಡಿಯಾಗುವ ಇದು ಮತ್ತೆ ಬೆಳೆಯಲು ದಶಕಗಳೇ ಬೇಕು.

ಮಾತು 3: ‘ಆಫ್‌ರೋಡಿಂಗ್ ಮಜಾ ಇರೋದೇ ಮಳೆಗಾಲದಲ್ಲಿ’

ವಿಡಿಯೊಗೆ ಮಜಾ ಇರಬಹುದು, ದಾರಿಗೆ ಇದಕ್ಕಿಂತ ಕೆಟ್ಟ ಕಾಲ ಇಲ್ಲ. ಇದನ್ನು ಅರ್ಥ ಮಾಡಿಕೊಳ್ಳಲು ನಮಗೆ ಹೊರಗಿನ ಪಾಠ ಬೇಕಿಲ್ಲ, ಗದ್ದೆ ನೋಡಿದ್ದರೆ ಸಾಕು.

ಭತ್ತದ ನಾಟಿಗೆ ಮೊದಲು ಗದ್ದೆಗೆ ನೀರು ಕಟ್ಟಿ ಕೆಸರು ಮಾಡಿ ಹೂಡುತ್ತೇವೆ. ಯಾಕೆ? ನೀರು ಕೆಳಗೆ ಇಂಗಿಹೋಗಬಾರದು ಎಂದು. ನೀರು ತುಂಬಿದ ಮಣ್ಣನ್ನು ತುಳಿದು, ಕಲಸಿ, ಅದರ ಸಂದುಗಳನ್ನೆಲ್ಲ ಬೇಕೆಂದೇ ಮುರಿಯುತ್ತೇವೆ. ವರ್ಷ ವರ್ಷ ಹೀಗೆ ಮಾಡಿದಾಗ ಕೆಳಗೊಂದು ಗಟ್ಟಿ ಪದರ ಕೂರುತ್ತದೆ, ಗದ್ದೆಯಲ್ಲಿ ನೀರು ನಿಲ್ಲುತ್ತದೆ. ಗದ್ದೆಗೆ ಇದು ಬೇಕಾದ ಕೆಲಸ. ಮಳೆಗಾಲದಲ್ಲಿ ಬೆಟ್ಟದ ಹುಲ್ಲಿನ ಮೇಲೆ ಚಕ್ರ ಗಿರಗಿರ ತಿರುಗಿಸಿದಾಗ ಆಗುವುದೂ ಅದೇ ಕೆಲಸ. ಆದರೆ ಬೆಟ್ಟದಲ್ಲಿ ನೀರು ಇಂಗಬೇಕು, ನಿಲ್ಲಬಾರದು, ಕೊಚ್ಚಬಾರದು. ಅಂದರೆ ಕೆಸರಾಟದಲ್ಲಿ ನಾವು ಬೆಟ್ಟವನ್ನು ಗದ್ದೆ ಮಾಡುತ್ತಿದ್ದೇವೆ, ಅದೂ ಬದು ಇಲ್ಲದ, ಇಳಿಜಾರಾದ ಗದ್ದೆ.

ಒಣ ನೆಲವನ್ನೂ ಕೆಸರು ನೆಲವನ್ನೂ ಬಿಟ್ಟು, ಹದ ನೋಡಿ ಉಳಬೇಕು ಎಂಬುದು ರೈತರಿಗೆ ಗೊತ್ತಿರುವ ಹಳೆಯ ಲೆಕ್ಕ. ದಾರಿಗೂ ಹದ ಇದೆ. ನೀವೇ ಪರೀಕ್ಷೆ ಮಾಡಬಹುದು. ಇಳಿದು ನಿಂತು ಹಿಮ್ಮಡಿ ಊರಿ. ಹಿಮ್ಮಡಿ ಇಳಿದು ಗುಳಿಯಲ್ಲಿ ನೀರು ಒಸರಿದರೆ ಆ ದಾರಿ ಇವತ್ತು ಗಾಡಿಗೆ ಸಿದ್ಧವಿಲ್ಲ ಎಂದರ್ಥ.

ಇನ್ನೊಂದು ವಿಷಯ. ದಾರಿಯಲ್ಲಿ ಕೆಸರಿನ ಹೊಂಡ ಕಂಡಾಗ ಅದರ ಪಕ್ಕದ ಹುಲ್ಲಿನ ಮೇಲೆ ಹೋಗುವುದು ಒಳ್ಳೆಯತನ ಎಂದು ಹಲವರು ತಿಳಿದಿದ್ದಾರೆ. ನಿಜವಾಗಿ ಅದರಿಂದ ದಾರಿ ಅಗಲವಾಗುತ್ತಾ ಹೋಗುತ್ತದೆ. ಇವತ್ತು ಒಬ್ಬರು ಎಡಕ್ಕೆ, ನಾಳೆ ಇನ್ನೊಬ್ಬರು ಬಲಕ್ಕೆ. ಎಂಟಡಿ ಇದ್ದ ಜಾಡು ನಾಲ್ಕು ವರ್ಷದಲ್ಲಿ ಜಡೆ ಬಿಚ್ಚಿದಂತೆ ಹರಡಿಕೊಳ್ಳುತ್ತದೆ. ಹೊಂಡದ ತಳ ಗಟ್ಟಿ ಇದೆಯೇ ಎಂದು ಕೋಲು ಹಾಕಿ ನೋಡಿ, ಇದ್ದರೆ ನಿಧಾನವಾಗಿ ಅದರ ಮಧ್ಯದಲ್ಲೇ ಹೋಗಿ. ಇಲ್ಲದಿದ್ದರೆ ವಾಪಸ್ ಬನ್ನಿ. ವಾಪಸ್ ಬರುವುದು ಸೋಲಲ್ಲ.

ಮಾತು 4: ‘ಹಳ್ಳಕ್ಕೆ ಇಳಿಸಿದ್ರೆ ಗಾಡಿನೂ ತೊಳೆದಂಗಾಯ್ತು’

2022ರ ಏಪ್ರಿಲ್‌ನಲ್ಲಿ ಲಡಾಖ್‌ನ ಪ್ಯಾಂಗಾಂಗ್ ಸರೋವರದ ನೀರಿನಲ್ಲಿ ಪ್ರವಾಸಿಗರು ಕಾರು ಓಡಿಸಿದ ವಿಡಿಯೊ ದೇಶದ ತುಂಬಾ ಓಡಾಡಿತು. 2023ರ ಡಿಸೆಂಬರ್‌ನಲ್ಲಿ ಹಿಮಾಚಲದ ಲಾಹೌಲ್‌ನಲ್ಲಿ ಟ್ರಾಫಿಕ್ ಜಾಮ್ ತಪ್ಪಿಸಲು ಒಬ್ಬರು ಚಂದ್ರಾ ನದಿಗೇ ಗಾಡಿ ಇಳಿಸಿದರು, ವಿಡಿಯೊ ವೈರಲ್ ಆದ ಮೇಲೆ ಪೊಲೀಸರು ದಂಡ ಹಾಕಿದರು. ಎರಡಕ್ಕೂ ಜನ ಬೈದರು, ಆದರೆ ಬೈಗುಳದಲ್ಲಿ ವಿಜ್ಞಾನ ಬರಲಿಲ್ಲ. ನೀರಿಗೆ ಗಾಡಿ ಇಳಿಸಿದರೆ ಆಗುವುದೇನು?

ಒಂದು, ಎಂಜಿನ್ ಆಯಿಲ್, ಗ್ರೀಸ್, ಡೀಸೆಲ್‌ನ ಅಂಟು ನೀರಿಗೆ ಸೇರುತ್ತದೆ. ಇದು ಎಲ್ಲರಿಗೂ ಹೊಳೆಯುವ ವಿಷಯ. ಎರಡನೆಯದು ಅಷ್ಟಾಗಿ ಹೊಳೆಯುವುದಿಲ್ಲ. ಚಕ್ರ ಹಳ್ಳದ ತಳವನ್ನು ಕಲಕಿದಾಗ ನಯವಾದ ಮಣ್ಣು ಎದ್ದು ಕೆಳಗೆ ಹರಿದು ಕಲ್ಲುಗಳ ಸಂದಿಯಲ್ಲಿ ಕೂರುತ್ತದೆ. ಮೀನು ಮೊಟ್ಟೆ ಇಡುವುದು, ಗೊದಮೊಟ್ಟೆ ಅಂಟಿಕೊಳ್ಳುವುದು, ನೀರಿನ ಹುಳು ಬದುಕುವುದು ಆ ಸಂದಿಯಲ್ಲೇ. ಸಂದಿ ಮುಚ್ಚಿದರೆ ಮೊಟ್ಟೆಗೆ ಉಸಿರಿಲ್ಲ. ದಾಟಲೇಬೇಕಾದ ಹಳ್ಳ ಇದ್ದರೆ ಇರುವ ದಾಟಿನಲ್ಲಿ, ನೇರವಾಗಿ, ನಿಧಾನವಾಗಿ, ಒಂದೇ ಸಲ ದಾಟಬೇಕು. ಹಳ್ಳದ ಉದ್ದಕ್ಕೂ ಓಡಿಸುವುದು, ನೀರು ಚಿಮ್ಮಿಸಲು ಮೂರು ಸಲ ದಾಟುವುದು ಬೇಡ.

ಗಾಡಿ ತೊಳೆಯುವುದು ಮಾತ್ರ ನಿಜಕ್ಕೂ ಒಳ್ಳೆಯ ಕೆಲಸ, ಹಳ್ಳದಲ್ಲಿ ಅಲ್ಲ, ಮನೆಯಲ್ಲಿ, ಹೊರಡುವ ಮೊದಲು. ಚಕ್ರದ ಕೆಸರಿನಲ್ಲಿ ಬೀಜ ಪ್ರಯಾಣ ಮಾಡುತ್ತದೆ. ಪಾರ್ಥೇನಿಯಂ, ಅಂದರೆ ನಮ್ಮ ಕಾಂಗ್ರೆಸ್ ಹುಲ್ಲು, ಹರಡುವ ದಾರಿಗಳಲ್ಲಿ ವಾಹನಕ್ಕೆ ಅಂಟಿದ ಮಣ್ಣೂ ಒಂದು. ಈ ಗಿಡದ ಕಾಟ ಇರುವ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ವಾಹನ, ಕೃಷಿ ಯಂತ್ರ ತೊಳೆಯಲೆಂದೇ ಕೇಂದ್ರಗಳನ್ನು ಮಾಡಿದ್ದಾರೆ. ಬಯಲುಸೀಮೆಯ ರಸ್ತೆ ಬದಿಯ ಕಳೆಯನ್ನು ಘಟ್ಟದ ಹುಲ್ಲುಗಾವಲಿಗೆ ನಾವೇ ತಲುಪಿಸಬಾರದು ಎಂದರೆ ಹೊರಡುವ ಹಿಂದಿನ ದಿನ ಚಕ್ರ ಮತ್ತು ಗಾಡಿಯ ಅಡಿಭಾಗ ತೊಳೆದರೆ ಸಾಕು.

ಮಾತು 5: ‘ಮ್ಯಾಪ್‌ನಲ್ಲಿ ದಾರಿ ಇದೆ, ಅಂದ್ಮೇಲೆ ಹೋಗಬಹುದು’

ತಪ್ಪು. ಫೋನಿನ ಮ್ಯಾಪ್ ತೋರಿಸುವುದು ಅಲ್ಲೊಂದು ಗೆರೆ ಇದೆ ಎಂಬುದನ್ನು ಮಾತ್ರ. ಅದು ಸಾರ್ವಜನಿಕ ರಸ್ತೆಯೋ, ಯಾರದೋ ಕಾಫಿ ತೋಟದ ಒಳದಾರಿಯೋ, ಅರಣ್ಯ ಇಲಾಖೆಯ ಗಸ್ತು ದಾರಿಯೋ ಎಂದು ಅದಕ್ಕೆ ಗೊತ್ತಿರಬೇಕೆಂದಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಅಭಯಾರಣ್ಯದೊಳಗೆ ಯಾರು ಬೇಕಾದರೂ ಹೋಗುವಂತಿಲ್ಲ. ಕೆಲಸದ ಮೇಲಿರುವ ಸರ್ಕಾರಿ ನೌಕರರು, ಒಳಗೆ ಆಸ್ತಿಯ ಹಕ್ಕು ಇರುವವರು, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರು, ಅನುಮತಿ ಪಡೆದವರು ಹೀಗೆ ಕೆಲವರಿಗಷ್ಟೇ ಅವಕಾಶ. ಮೀಸಲು ಅರಣ್ಯಕ್ಕೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಅನ್ವಯಿಸುತ್ತದೆ, ಅಲ್ಲೂ ಅತಿಕ್ರಮ ಪ್ರವೇಶ ಅಪರಾಧ. ಗೇಟ್ ತೆರೆದಿತ್ತು, ಬೋರ್ಡ್ ಇರಲಿಲ್ಲ, ಮುಂದಿನ ಗಾಡಿ ಹೋಯಿತು ಎಂಬುದು ಉತ್ತರವಾಗುವುದಿಲ್ಲ. ಹೊರಡುವ ಮೊದಲು ಆ ಭಾಗದ ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಕೇಳುವುದು, ತೋಟದ ದಾರಿಯಾದರೆ ಮಾಲೀಕರನ್ನು ಕೇಳುವುದು, ಇಷ್ಟು ಮಾಡಿದರೆ ಅರ್ಧ ತೊಂದರೆ ತಪ್ಪುತ್ತದೆ.

ಮಾತು 6: ‘ಪೂರ್ತಿ ನಿಷೇಧ ಮಾಡಿಬಿಟ್ರೆ ಮುಗೀತು’

ಇದು ಚಿಕ್ಕಪ್ಪನ ಮಾತು. ಸೂಕ್ಷ್ಮ ಜಾಗಗಳಲ್ಲಿ ಮುಚ್ಚುವುದೇ ಸರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಲ್ಲ ಕಡೆ, ಎಲ್ಲ ಕಾಲಕ್ಕೂ ಮುಚ್ಚುವುದೊಂದೇ ದಾರಿಯೇ? ಇದಕ್ಕೆ ಉತ್ತರ ಹುಡುಕಲು ಈ ಜಗಳವನ್ನು ಐವತ್ತು ವರ್ಷದಿಂದ ಆಡುತ್ತಿರುವ ದೇಶವನ್ನು ನೋಡುವುದು ಒಳ್ಳೆಯದು.

ಅಮೆರಿಕದ ಸರ್ಕಾರಿ ಕಾಡುಗಳಲ್ಲಿ ಜೀಪು, ಬೈಕುಗಳ ಹಾವಳಿ ಹೆಚ್ಚಿದಾಗ 1972ರಲ್ಲಿ ಅಧ್ಯಕ್ಷ ನಿಕ್ಸನ್ ಒಂದು ಆದೇಶ ಹೊರಡಿಸಿದರು. ಎಲ್ಲಿ ಓಡಿಸಬಹುದು, ಎಲ್ಲಿ ಓಡಿಸಬಾರದು ಎಂದು ಗುರುತಿಸಿ ಎಂಬುದು ಅದರ ಸಾರ. 1977ರಲ್ಲಿ ಅಧ್ಯಕ್ಷ ಕಾರ್ಟರ್ ಅದನ್ನು ಬಿಗಿ ಮಾಡಿದರು, ಹಾನಿಯಾಗುತ್ತಿದೆ ಎಂದು ಕಂಡರೆ ತಕ್ಷಣ ಮುಚ್ಚುವ ಅಧಿಕಾರ ಬಂತು. 1985ರಲ್ಲಿ ಅಲ್ಲಿನ ಅರಣ್ಯ ಸೇವೆ ‘ಟ್ರೆಡ್ ಲೈಟ್ಲಿ’, ಅಂದರೆ ಹಗುರವಾಗಿ ಹೆಜ್ಜೆ ಇಡಿ, ಎಂಬ ತಿಳಿವಳಿಕೆ ಕಾರ್ಯಕ್ರಮ ಶುರುಮಾಡಿತು. 1990ರಲ್ಲಿ ಅದು ಸ್ವತಂತ್ರ ಸಂಸ್ಥೆಯಾಯಿತು. 2005ರಲ್ಲಿ ದೊಡ್ಡ ಬದಲಾವಣೆ ಬಂತು. ಅಲ್ಲಿಯವರೆಗೆ ಎಷ್ಟೋ ಕಾಡುಗಳಲ್ಲಿ ‘ಮುಚ್ಚಿದೆ’ ಎಂಬ ಬೋರ್ಡ್ ಇಲ್ಲದಿದ್ದರೆ ಹೋಗಬಹುದು ಎಂಬ ಲೆಕ್ಕ ಇತ್ತು. ಹೊಸ ನಿಯಮ ಇದನ್ನು ತಲೆಕೆಳಗು ಮಾಡಿತು. ‘ತೆರೆದಿದೆ’ ಎಂದು ನಕ್ಷೆಯಲ್ಲಿ ಗುರುತಿಸಿದ ದಾರಿಯಲ್ಲಿ ಮಾತ್ರ ವಾಹನ. ಆ ನಕ್ಷೆಯನ್ನು ಜನರಿಗೆ ಪುಕ್ಕಟೆ ಕೊಡುತ್ತಾರೆ.

ಈ ಕಥೆಯನ್ನು ಒಂದೇ ದಾರಿಯಲ್ಲಿ ನೋಡಬೇಕೆಂದರೆ ರೂಬಿಕಾನ್ ಟ್ರೇಲ್ ಇದೆ. ಜೀಪಿನ ಬಾನೆಟ್ ಮೇಲೆ ‘ರೂಬಿಕಾನ್’ ಎಂದು ಬರೆದಿರುವುದನ್ನು ನೀವು ನೋಡಿರಬಹುದು, ಆ ಹೆಸರು ಬಂದದ್ದು ಈ ದಾರಿಯಿಂದ. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳಲ್ಲಿ ಟಾಹೋ ಸರೋವರದ ಕಡೆಗೆ ಹೋಗುವ ಸುಮಾರು 35 ಕಿಲೋಮೀಟರ್ ದಾರಿ. ಬಹುಪಾಲು ಬಂಡೆಗಳೇ. 1887ರಲ್ಲೇ ಎಲ್ ಡೊರಾಡೊ ಕೌಂಟಿ ಇದನ್ನು ಸಾರ್ವಜನಿಕ ರಸ್ತೆ ಎಂದು ಘೋಷಿಸಿತ್ತು. 1953ರಿಂದ ಇಲ್ಲಿ ಜೀಪುಗಳ ಜಾತ್ರೆಯೇ ನಡೆಯುತ್ತಿದೆ.

ಜನ ಹೆಚ್ಚಿದಂತೆ ಗಲೀಜು ಹೆಚ್ಚಿತು. 2004ರಲ್ಲಿ ದಾರಿಯ ಮಧ್ಯದ ಸ್ಪೈಡರ್ ಲೇಕ್ ಎಂಬ ಕೆರೆಯ ಸುತ್ತಲಿನ ಜಾಗವನ್ನು ಕೌಂಟಿ ಮುಚ್ಚಿತು. ಕಾರಣ ಚಕ್ರವಲ್ಲ, ಮನುಷ್ಯರ ಮಲ! ತಂಗಲು ಬಂದವರು ಸುತ್ತಮುತ್ತ ಬಯಲಿಗೆ ಹೋಗಿ ಆರೋಗ್ಯಕ್ಕೇ ಅಪಾಯ ಎನ್ನುವ ಸ್ಥಿತಿ ಬಂದಿತ್ತು. 2009ರಲ್ಲಿ ಅಲ್ಲಿನ ಪ್ರಾದೇಶಿಕ ಜಲ ಮಂಡಳಿ ಕೌಂಟಿಗೂ ಅರಣ್ಯ ಸೇವೆಗೂ ಆದೇಶ ಕೊಟ್ಟಿತು: ಈ ದಾರಿಯಿಂದ ಹಳ್ಳಗಳಿಗೆ ಮಣ್ಣು, ಎಣ್ಣೆ, ಮಲ ಸೇರುತ್ತಿದೆ, ಸರಿ ಮಾಡಿ.

ದಾರಿ ಮುಚ್ಚಿಹೋಗುವ ಹಂತ ಅದು. ಆಗ ಜೀಪಿನವರ ಮುಂದೆ ಎರಡು ಆಯ್ಕೆ ಇತ್ತು. ಪರಿಸರವಾದಿಗಳನ್ನು ಬೈಯುತ್ತಾ ಕೂರುವುದು, ಇಲ್ಲವೇ ದಾರಿ ಸರಿ ಮಾಡುವುದು. ಬೈದವರೂ ಇದ್ದರು. ಆದರೆ ರೂಬಿಕಾನ್ ಟ್ರೇಲ್ ಫೌಂಡೇಶನ್‌ನಂಥ ಸಂಘಗಳ ಸ್ವಯಂಸೇವಕರು ಸರ್ಕಾರದವರ ಜೊತೆ ಕೈಜೋಡಿಸಿದರು. ನೀರು ದಾರಿಯಲ್ಲೇ ಓಡದಂತೆ ಪಕ್ಕಕ್ಕೆ ತಿರುಗಿಸುವ ವ್ಯವಸ್ಥೆ ಆಯಿತು, ಮೆದು ಜಾಗಕ್ಕೆ ಕಲ್ಲು ಬಿತ್ತು, ಹಳ್ಳಕ್ಕೆ ಸೇತುವೆ ಬಂತು, ಶೌಚಾಲಯ ಬಂತು. ತಮ್ಮ ಮಲವನ್ನು ಚೀಲದಲ್ಲಿ ಕಟ್ಟಿ ವಾಪಸ್ ಒಯ್ಯುವ, ಸೋರಿದ ಎಣ್ಣೆ ಹೀರುವ ಸಾಮಗ್ರಿ ಗಾಡಿಯಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಬೆಳೆಸಿದರು. ನೆಲ ನೀರು ಕುಡಿದು ತುಂಬಿಕೊಂಡಿರುವಾಗ ದಾರಿಯನ್ನು ತಾತ್ಕಾಲಿಕವಾಗಿ ಮುಚ್ಚುವ ಯೋಜನೆಯೂ ಬಂತು. ನಮ್ಮ ರೈತರು ಹೇಳುವ ಹದದ ಲೆಕ್ಕವೇ ಅಲ್ಲಿ ಕಾನೂನಾಯಿತು. ರೂಬಿಕಾನ್ ಇಂದಿಗೂ ತೆರೆದಿದೆ.

ನಮ್ಮಲ್ಲೂ ಇದಕ್ಕೆ ಹತ್ತಿರದ ಘಟನೆ ಇದೆ, ಜೀಪಿನದ್ದಲ್ಲ, ಚಾರಣದ್ದು. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತಕ್ಕೆ ಸಾವಿರಾರು ಜನ ನುಗ್ಗಿದ ವಿಡಿಯೊ ನಿಮ್ಮ ಫೋನಿಗೂ ಬಂದಿರಬಹುದು. ಅದಾದ ಕೂಡಲೇ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣ ದಾರಿಗಳನ್ನು ಸರ್ಕಾರ ನಿಲ್ಲಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಎಂಬ ವೆಬ್‌ಸೈಟ್ ಬಂತು, ಒಂದು ದಾರಿಗೆ ದಿನಕ್ಕೆ 300 ಜನ ಎಂಬ ಮಿತಿಯೊಂದಿಗೆ ಚಾರಣ ಮತ್ತೆ ಶುರುವಾಯಿತು. ಮಿತಿ, ನೋಂದಣಿ, ಗುರುತಿಸಿದ ದಾರಿ ಇದ್ದರೆ ತೆರೆದಿಡಲು ಸಾಧ್ಯ ಎಂದಾಯಿತು.

ಪೂರ್ತಿ ಮುಚ್ಚಿದರೆ ಇನ್ನೊಂದು ನಷ್ಟವೂ ಇದೆ. ಬೆಟ್ಟದ ಊರುಗಳಲ್ಲಿ ಬಾಡಿಗೆ ಜೀಪನ್ನೇ ನಂಬಿದ ಮನೆಗಳಿವೆ. ದಾರಿಯ ಮೇಲೆ ದಿನಾ ಕಣ್ಣಿಟ್ಟಿರುವವರೂ ಅವರೇ. ಎಲ್ಲಿ ಮರ ಬಿದ್ದಿದೆ, ಎಲ್ಲಿ ಹೊಗೆ ಏಳುತ್ತಿದೆ ಎಂದು ಮೊದಲು ತಿಳಿಯುವುದು ಅವರಿಗೆ. ತಪ್ಪು ಮಾಡಿದ ಗಾಡಿ ವಾರಾಂತ್ಯ ಮುಗಿಸಿ ಊರು ಬಿಟ್ಟಿರುತ್ತದೆ, ಶಿಕ್ಷೆ ಮಾತ್ರ ಇವರಿಗೆ ಬೀಳುತ್ತದೆ.

ಗಾಡಿ ಹತ್ತುವ ಮೊದಲು

* ಗುರುತಿಸಿದ ಜಾಡು ಬಿಡಬೇಡಿ. ಎದುರಿಗೆ ಗಾಡಿ ಬಂದರೆ ಅಗಲ ಇರುವ ಜಾಗದಲ್ಲಿ ನಿಂತು ದಾರಿ ಕೊಡಿ. ಹತ್ತುತ್ತಿರುವ ಗಾಡಿಗೆ ಮೊದಲ ಅವಕಾಶ.
* ಫೋರ್ ವೀಲ್ ಡ್ರೈವ್ ಇರುವುದು ಚಕ್ರ ಜಾರದಂತೆ ನಿಧಾನ ಹತ್ತಲು, ಕೆಸರು ಹಾರಿಸಲು ಅಲ್ಲ. ಚಕ್ರ ಇದ್ದಲ್ಲೇ ಸುತ್ತುತ್ತಿದೆ ಎಂದರೆ ಅದು ನೆಲ ಅಗೆಯುತ್ತಿದೆ ಎಂದರ್ಥ. ಕಾಲು ತೆಗೆಯಿರಿ.
* ಗಾಡಿ, ಟೈರ್, ಹೊರೆ ನೋಡಿಕೊಂಡು ಗಾಳಿ ಸ್ವಲ್ಪ ಇಳಿಸಿ. ಅನುಭವಿಗಳು ಹಲವು ಸಲ 18–20 ಪಿಎಸ್‌ಐವರೆಗೆ ಇಳಿಸುತ್ತಾರೆ. ಚಕ್ರ ಅಗಲವಾಗಿ ಊರುವುದರಿಂದ ಹಿಡಿತ ಹೆಚ್ಚುತ್ತದೆ, ನೆಲಕ್ಕೆ ಪೆಟ್ಟು ಕಡಿಮೆ. ಟಾರ್ ರಸ್ತೆಗೆ ಬಂದ ಕೂಡಲೇ ಮತ್ತೆ ತುಂಬಿಸಲೇಬೇಕು. ಕಡಿಮೆ ಗಾಳಿಯಲ್ಲಿ ವೇಗವಾಗಿ ಹೋದರೆ ಟೈರ್ ಬಿಸಿಯಾಗಿ ಸಿಡಿಯಬಹುದು.
* ಸಿಕ್ಕಿಬಿದ್ದ ಗಾಡಿ ಎಳೆಯಲು ಮರಕ್ಕೆ ಬರೀ ಕಬ್ಬಿಣದ ಹಗ್ಗ ಸುತ್ತಬೇಡಿ. ಅದು ತೊಗಟೆಯನ್ನು ಕೊಯ್ಯುತ್ತದೆ. ಮರ ತನ್ನ ಆಹಾರವನ್ನು ಸಾಗಿಸುವುದು ತೊಗಟೆಯ ಒಳಪದರದಲ್ಲಿ, ಸುತ್ತಲೂ ಕೊಯ್ದರೆ ಮರ ಸಾಯುತ್ತದೆ. ಅಗಲವಾದ ಬಟ್ಟೆಯ ಪಟ್ಟಿ ಬಳಸಿ.
* ಒಂಟಿ ಗಾಡಿಯಲ್ಲಿ ಹೋಗಬೇಡಿ, ಇಪ್ಪತ್ತು ಗಾಡಿಯ ಮೆರವಣಿಗೆಯೂ ಬೇಡ. ಊರಿನ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಅವರಿಗೆ ಸಲ್ಲಬೇಕಾದ ಹಣ ಕೊಡಿ.
* ಕಸ ವಾಪಸ್ ತನ್ನಿ, ನಿಮ್ಮದೂ ಹಿಂದಿನವರದ್ದೂ.

ಫಾರ್ವರ್ಡ್ ಮಾಡುವ ಮೊದಲು

ನಿಮ್ಮ ಹತ್ತಿರ ಜೀಪ್ ಇಲ್ಲದಿರಬಹುದು, ಫೋನ್ ಇದೆ. ಬೆಟ್ಟದ ದಾರಿಗಳ ಹಣೆಬರಹದಲ್ಲಿ ಫೋನಿನ ಪಾಲೂ ಇದೆ. ಕೆಸರು ಹಾರಿಸುವ ವಿಡಿಯೊ ಸಾವಿರ ಜನಕ್ಕೆ ತಲುಪಿದರೆ ಅದರಲ್ಲಿ ಹತ್ತು ಜನ ಮುಂದಿನ ವಾರ ಅದೇ ಜಾಗ ಹುಡುಕಿಕೊಂಡು ಹೊರಡಬಹುದು. ಹಾಗಾಗಿ ಒತ್ತುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ವಿಡಿಯೊದಲ್ಲಿ ಚಕ್ರ ಜಾಡಿನ ಮೇಲಿದೆಯೇ, ಹುಲ್ಲಿನ ಮೇಲಿದೆಯೇ? ಇದು ಎಲ್ಲಿಯದು, ಯಾವಾಗಿನದು ಎಂದು ಗೊತ್ತಿದೆಯೇ? ಜಾಗದ ಹೆಸರು ಹಾಕುವುದರಿಂದ ಅಲ್ಲಿಗೆ ಒಳ್ಳೆಯದಾಗುತ್ತದೆಯೇ, ಕೆಟ್ಟದಾಗುತ್ತದೆಯೇ?

ಬೈಯುವ ಫಾರ್ವರ್ಡ್‌ಗೂ ಇದೇ ನಿಯಮ. ಎಲ್ಲೋ ಹೊರರಾಜ್ಯದ ಹಳೆಯ ವಿಡಿಯೊಗೆ ನಮ್ಮ ಊರಿನ ಹೆಸರು ಹಾಕಿ ಹಂಚಿದರೆ, ನಿಯಮ ಪಾಲಿಸಿ ದುಡಿಯುತ್ತಿರುವ ಚಾಲಕರ ಹೊಟ್ಟೆಗೆ ಪೆಟ್ಟು ಬೀಳುತ್ತದೆ.

ಹಾಗಾದರೆ ಸತ್ಯ ಏನು?

ಒಂದು ಜೀಪ್ ಹತ್ತಿದರೆ ಬೆಟ್ಟಕ್ಕೆ ಏನಾಗುತ್ತೆ ಎಂಬ ಪ್ರಶ್ನೆಗೆ ಉತ್ತರ, ಅದು ಎಲ್ಲಿ ಹತ್ತಿತು, ಯಾವಾಗ ಹತ್ತಿತು, ಹೇಗೆ ಹತ್ತಿತು ಎಂಬುದರ ಮೇಲಿದೆ. ಹಳೆಯ ಜಾಡಿನಲ್ಲಿ, ಒಣ ನೆಲದಲ್ಲಿ, ಅನುಮತಿ ಪಡೆದು, ನಿಧಾನವಾಗಿ ಹೋದ ಗಾಡಿಯಿಂದ ಆಗುವ ಹೊಸ ಹಾನಿ ಕಡಿಮೆ. ಒದ್ದೆ ಹುಲ್ಲಿನ ಮೇಲೆ ಒಂದೇ ಸಲ ಹೋದ ಗಾಡಿಯ ಗುರುತು ಮುಂದಿನ ಹಲವು ಮಳೆಗಾಲದವರೆಗೆ ನೀರಿಗೆ ದಾರಿ ತೋರಿಸುತ್ತಿರುತ್ತದೆ. ದಾರಿ ತೆರೆದಿರಬೇಕು ಎನ್ನುವವರು ಮೊದಲು ದಾರಿಯಲ್ಲಿರಬೇಕು.

ನಮ್ಮ ಗುಂಪಿನಲ್ಲಿ ಇದನ್ನೆಲ್ಲ ಚಿಕ್ಕದಾಗಿ ಬರೆದು ಹಾಕಿದೆ. ಚಿಕ್ಕಪ್ಪ ‘ಸರಿ, ಆದ್ರೂ ಮಳೆಗಾಲದಲ್ಲಿ ಬೇಡ’ ಎಂದರು. ತಮ್ಮ ಒಂದು ಹೆಬ್ಬೆರಳು ಕಳಿಸಿದ. ದೀಪಾವಳಿ ಕಳೆದು ನೆಲ ಒಣಗಿದ ಮೇಲೆ ಹೊರಟಾಗ, ಹಿಂದಿನ ದಿನ ಅಂಗಳದಲ್ಲಿ ಪೈಪು ಹಿಡಿದು ಚಕ್ರ ತೊಳೆಯುತ್ತಿದ್ದ ಫೋಟೊ ಹಾಕಿದ್ದ. ಆ ಫೋಟೊವನ್ನು ನಾನು ಇನ್ನೆರಡು ಗುಂಪಿಗೆ ಫಾರ್ವರ್ಡ್ ಮಾಡಿದೆ.